ಮಂಗಳವಾರದ ಗಾಳಿ

ಬೆಳಗಿನ ಐದೂವರೆ. ಮುರುಡೇಶ್ವರದ ಕಡಲಂಚಿಗೆ
ಒಂದು ತಗಡಿನ ಶೆಡ್ಡು, ಒಂದೇ ಬಲ್ಬು,
ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಹನ್ನೊಂದು ಸಿಲಿಂಡರು
ಸಾಲಿಗೆ ತಡವಾಗಿ ಬಂದ ಹುಡುಗರ ಹಾಗೆ.

'ಇದನ್ನ ಒಮ್ಮೆ ಅಳೀಲೇನ್ರೀ?' ಅಂದೆ.

ಜಟ್ಟಪ್ಪ ಮೊಗೇರ ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿದ.
'ನಿನ್ನೆ ಸಂಜೆ ನಾನೇ ತುಂಬಿದ್ದು ಅಕ್ಕಾ.
ಟೇಪಿನ ಮೇಲೆ ಬರ್ದಿದೆ ಅಲ್ದಾ?'
ಬರೆದಿತ್ತು. ಆಕ್ಸಿಜನ್ ಮೂವತ್ತೆರಡು,
ಕೆಳಗೆ ಅವನ ಕೈಯ 'ಜ', ಬಾಲ ಉದ್ದ.

ಆ ಮುಖ ನನಗೆ ಗೊತ್ತು.
ಹಾವೇರಿಯ ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ
ಹತ್ತೊಂಬತ್ತು ವರ್ಷ ಅದೇ ಮುಖ ಹೊತ್ತು ಕೂತವಳು ನಾನು.
'ತೂಗಿ ಕೊಡ್ರಿ ಅಕ್ಕಾರ' ಅಂದವರ ಮುಂದೆ
ತೂಕದ ಯಂತ್ರ ಎಳೆದು, ಸಿಲಿಂಡರ್ ಉರುಳಿಸಿ,
ಖಾಲಿ ತೂಕ ಹದಿನೈದು ಪಾಯಿಂಟ್ ಆರು,
ಗ್ಯಾಸು ಹದಿನಾಲ್ಕು ಪಾಯಿಂಟ್ ಎರಡು,
ನೀವ ಕೂಡಿಸಿ ನೋಡ್ರಿ, ಅನ್ನುತ್ತಿದ್ದೆ.
ಲೆಕ್ಕ ಸರಿ ಬಂದರೂ ಪ್ರತಿ ಸಲ
ನನ್ನೊಳಗೆ ಅರ್ಧ ಕಿಲೋ ಏನೋ ಕಮ್ಮಿಯಾಗುತ್ತಿತ್ತು.

ಇವತ್ತು ತಕ್ಕಡಿ ನನ್ನ ಕೈಯಲ್ಲಿ.
ದೀಪಾವಳಿ ಬೋನಸ್ಸಿನಲ್ಲಿ ಕೊಂಡ, ಸೋಪಿನ ಡಬ್ಬಿಯಷ್ಟು ಹಳದಿ ಯಂತ್ರ.
ಮೊದಲು ಬಯಲಿಗೆ ಹಿಡಿಯಬೇಕು: ಇಪ್ಪತ್ತು ಪಾಯಿಂಟ್ ಒಂಬತ್ತು.
ಒಣಮೀನು, ಡೀಸೆಲ್ಲು, ಈಗಷ್ಟೇ ಹೂ ಮುಡಿದು ದಾಟಿದ ಯಾರೋ,
ಎಲ್ಲ ಕೂಡಿಯೂ ಆ ಅಂಕೆ ಕದಲುವುದಿಲ್ಲ.
ಆಮೇಲೆ ವಾಲ್ವನ್ನು ಕೂದಲೆಳೆಯಷ್ಟು ತಿರುವಿದೆ.
ಇಪ್ಪತ್ತೆಂಟು. ಮೂವತ್ತೆರಡು.
ನಿಲ್ಲಲಿಲ್ಲ.
ಮೂವತ್ತಾರು.

ಯಾವುದೋ ದೋಣಿಯ ಇಂಜಿನ್ನು ಕೆಮ್ಮಿ ಸುಮ್ಮನಾಯಿತು.
ಜಟ್ಟಪ್ಪ ಯಂತ್ರ ಇಸಿದುಕೊಂಡು ಪಕ್ಕದ್ದಕ್ಕೆ ಹಿಡಿದ.
ಟೇಪಿನಲ್ಲಿ ಮೂವತ್ತಾರು, ಯಂತ್ರದಲ್ಲಿ ಮೂವತ್ತೆರಡು.
'ಅದಲು ಬದಲು,' ಅಂದ, ತನಗೇ.
'ಕರೆಂಟು ಹೋಯ್ತು. ಅಷ್ಟೊತ್ತಿಗೆ ಮಗಳ ಫೋನು.'
ಮತ್ತೆ, ನನ್ನ ಕಡೆ ನೋಡದೆ,
'ನೇತ್ರಾಣಿಯಲ್ಲಿ ನೀವು ಇಳಿಯೂದು ಹದಿನೆಂಟು ಮೀಟ್ರು.
ಮೂವತ್ತಾರಾದ್ರೂ ಎಂತ ಆಗ್ತಿರ್ಲಿಲ್ಲ, ಇವತ್ತು.'
'ಹೌದ್ರಿ,' ಅಂದೆ. 'ಇವತ್ತು.'

ಎರಡೂ ಟೇಪು ಕಿತ್ತ. ಉಳಿದ ಒಂಬತ್ತನ್ನೂ
ಒಂದೊಂದಾಗಿ ಅಳೆದ. ನಾನು ಹಿಡಿದೆ, ಅವನು ಬರೆದ.
ಒತ್ತಡ ಇನ್ನೂರ ಹತ್ತು ಇದ್ದದ್ದು ರಾತ್ರಿ ತಣಿದು ನೂರಾ ತೊಂಬತ್ತು.
'ಬಿಸಿಯಲ್ಲಿ ಹೇಳಿದ ಲೆಕ್ಕ ಯಾವತ್ತೂ ಹಾಗೇ ಅಕ್ಕಾ.'
ನನ್ನ ಟೇಪಿನ ಮೇಲೆ 'ಜ'ದ ಪಕ್ಕ ನಾನೂ ಒಂದಕ್ಷರ ಹಾಕಿದೆ.
'ನೀ ಅಂದ್ರೆ?'
'ನೀಲಾಂಬಿಕಾ.'
'ನಾನು ನನಗೇ ಹೇಳಿದ್ದು ಅಂದ್ಕೊಂಡೆ,' ಅಂದು ನಕ್ಕ.

ನೀವು ಇಳಿದೀರೇನು ಎಂದು ಕೇಳಿದ್ದಕ್ಕೆ,
'ಇದ್ನೆಲ್ಲ ಕಟ್ಕೊಂಡು ಇಲ್ಲ. ಸಣ್ಣವ ಇರುವಾಗ
ಕಲಗ ಕೀಳ್ಲಿಕ್ಕೆ ಮುಳುಗ್ತಿದ್ದೆ, ಒಂದೇ ಉಸಿರಲ್ಲಿ.
ಆ ಗಾಳಿಗೆ ಟೇಪು ಬೇಡ.'

ಎಂಟೂವರೆಗೆ ನಾನು ಬಂಡೆಯ ಮಗ್ಗುಲಲ್ಲಿ ಹದಿನಾರು ಮೀಟರಿನಲ್ಲಿದ್ದೆ.
ಗಿಳಿಮೀನು ಹವಳ ಕಡಿಯುವ ಸಪ್ಪಳ,
ಮನೆಯಲ್ಲಿ ಯಾರೋ ಕಲ್ಲುಸಕ್ಕರೆ ಜಗಿದ ಹಾಗೆ.
ಬಾಯೊಳಗೆ ಬಂದದ್ದು ಒಣ ಗಾಳಿ. ರುಚಿಯಿಲ್ಲ, ವಾಸನೆಯಿಲ್ಲ,
ಎಷ್ಟು ಸೋಸಿದರೂ ಅದು ಮಂಗಳವಾರ ಸಂಜೆಯದು:
ಕರೆಂಟು ಹೋಗುವ ಮೊದಲಿನ ಅಷ್ಟು,
ಬಂದ ಮೇಲಿನ ಇಷ್ಟು,
ನಡುವೆ ಒಬ್ಬ ಮಗಳು ಅಪ್ಪನಿಗೆ ಏನೋ ಹೇಳುತ್ತಿದ್ದಾಳೆ.
ಉಸಿರು ಬಿಟ್ಟೆ. ಮಂಗಳವಾರ ಗುಳ್ಳೆ ಗುಳ್ಳೆಯಾಗಿ
ಬುಧವಾರದ ಬೆಳಕಿಗೆ ಏರಿತು.

ಮುಳ್ಳು ನೋಡಿದೆ. ನೂರಾ ನಲವತ್ತು.
ಸ್ವಲ್ಪ ಹೊತ್ತು ಬಿಟ್ಟು
ಮತ್ತೆ ನೋಡಿದೆ.